ಥೀಸಿಸ್ ಮುಗಿಯಿತು, ಥ್ಯಾಂಕ್ಸ್ ಹೇಳುವುದು ಬಾಕಿ ಇದೆ

ಕಳೆದ ವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಫೋನ್ ಮಾಡಿದವರಿಗೆ, ಮೆಸೇಜ್ ಕಳಿಸಿದವರಿಗೆ ತುಂಬಾ ಧನ್ಯವಾದ. "ಇಷ್ಟು ವರ್ಷ ಓದಿದ್ದೇನು?" ಅಂತ ಕೆಲವರು ಕೇಳಿದ್ದೀರಿ. ಅದನ್ನು ಹೇಳಿದರೇ ಯಾರ ಋಣ ಎಷ್ಟಿದೆ ಅನ್ನುವುದು ಗೊತ್ತಾಗುತ್ತದೆ.

ದೂರದ ಸುರುಳಿ ಗ್ಯಾಲಕ್ಸಿಗಳಿಂದ ಬರುವ ಎಕ್ಸ್-ರೇ ನನ್ನ ವಿಷಯ. ಕೆಲವು ಎಷ್ಟು ದೂರವೆಂದರೆ, ಅವುಗಳ ಬೆಳಕು ಹೊರಟು ಸುಮಾರು 800 ಕೋಟಿ ವರ್ಷವಾಗಿದೆ. ಆಗ ನಮ್ಮ ಭೂಮಿ ಹುಟ್ಟೇ ಇರಲಿಲ್ಲ. ಇಂಥ ಗ್ಯಾಲಕ್ಸಿಗಳ ಎಕ್ಸ್-ರೇ ಬಹುಪಾಲು ಜೋಡಿ ನಕ್ಷತ್ರಗಳದ್ದು. ಜೋಡಿಯಲ್ಲೊಂದು ಸತ್ತು ನ್ಯೂಟ್ರಾನ್ ನಕ್ಷತ್ರವೋ ಕಪ್ಪುಕುಳಿಯೋ ಆಗಿರುತ್ತದೆ. ಅದು ಇನ್ನೊಂದರ ಅನಿಲವನ್ನು ಎಳೆದುಕೊಳ್ಳುತ್ತದೆ. ಒಳಗೆ ಬೀಳುವ ಅನಿಲ ವಿಪರೀತ ಕಾದು ಎಕ್ಸ್-ರೇ ಸೂಸುತ್ತದೆ.

ಮೊದಲ ಧನ್ಯವಾದ ನನ್ನ ಹೆಸರೂ ಗೊತ್ತಿಲ್ಲದವರಿಗೆ. 1999ರ ಜುಲೈ 23ರಂದು ಬಾಹ್ಯಾಕಾಶಕ್ಕೆ ಹಾರಿದ ಚಂದ್ರಾ ಎಕ್ಸ್-ರೇ ದೂರದರ್ಶಕವನ್ನು ಕಟ್ಟಿದವರಿಗೆ. ಕನ್ನಡಿಗೆ ನೇರ ಬಡಿದರೆ ಎಕ್ಸ್-ರೇ ಹಿಂದಕ್ಕೆ ಪುಟಿಯುವುದಿಲ್ಲ, ಅಲ್ಲೇ ಇಂಗಿಹೋಗುತ್ತದೆ. ಮೇಲ್ಮೈಯನ್ನು ಸವರಿಕೊಂಡು ಹೋಗಬೇಕು. ಅದಕ್ಕಾಗಿ ಕೊಳವೆಯಂಥ ನಾಲ್ಕು ಜೊತೆ ಕನ್ನಡಿಗಳನ್ನು ಒಂದರೊಳಗೊಂದು ಕೂರಿಸಿದ್ದಾರೆ. ದಕ್ಷಿಣ ಆಕಾಶದ ಫೋರ್ನ್ಯಾಕ್ಸ್ ನಕ್ಷತ್ರಪುಂಜದ ಒಂದು ಚಿಕ್ಕ ಜಾಗವನ್ನು ಚಂದ್ರಾ ವರ್ಷಗಳ ಕಾಲ ಮತ್ತೆ ಮತ್ತೆ ನೋಡಿತು. ಒಟ್ಟು ಸುಮಾರು 70 ಲಕ್ಷ ಸೆಕೆಂಡ್! ಆ ಡೇಟಾ ಈಗ ಯಾರಿಗೆ ಬೇಕಾದರೂ ಸಿಗುತ್ತದೆ. ಯಾವ ಊರು, ಯಾವ ಕಾಲೇಜು ಅಂತ ನನ್ನನ್ನು ಯಾರೂ ಕೇಳಲಿಲ್ಲ. ಲ್ಯಾಪ್‌ಟಾಪ್ ಮತ್ತು ನೆಟ್ ಇದ್ದರೆ ಸಾಕಾಯಿತು. ಇದು ಎಷ್ಟು ದೊಡ್ಡ ಉಪಕಾರ ಅಲ್ವಾ?

ಅಷ್ಟು ಹೊತ್ತು ನೋಡಿದರೂ ನನ್ನ ಗ್ಯಾಲಕ್ಸಿಗಳಲ್ಲಿ ಹೆಚ್ಚಿನವು ಒಂದೊಂದಾಗಿ ಕಾಣುವುದೇ ಇಲ್ಲ. ಎಲ್ಲಿವೆ ಅನ್ನುವುದು ಹಬಲ್ ಚಿತ್ರಗಳಿಂದ ಗೊತ್ತು. ಆ ಜಾಗಗಳ ಎಕ್ಸ್-ರೇ ಚಿತ್ರವನ್ನು ತುಂಡು ತುಂಡಾಗಿ ಕತ್ತರಿಸಿ ಒಂದರ ಮೇಲೊಂದು ಕೂಡಿಸಬೇಕು. ಹನಿ ಹನಿ ಕೂಡಿದರೆ ಹಳ್ಳ. ಹೀಗೆ ಕೂಡಿಸಿದ ಚಿತ್ರದ ನಡುವೆ ಮೊದಲ ಸಲ ಚುಕ್ಕೆ ಮೂಡಿದಾಗ ನಮ್ಮ ಗೈಡ್ ಹೊಗಳಲಿಲ್ಲ. "ನಡುವಿನ ದೈತ್ಯ ಕಪ್ಪುಕುಳಿ ಅನಿಲ ನುಂಗುತ್ತಾ ಉರಿಯುತ್ತಿರುವ ಗ್ಯಾಲಕ್ಸಿಗಳನ್ನೆಲ್ಲ ಮೊದಲು ತೆಗೆದುಹಾಕು" ಅಂದರು. ಅಂಥದ್ದು ಒಂದೇ ಒಂದು ಉಳಿದರೂ ನೂರಾರು ಸಾಧಾರಣ ಗ್ಯಾಲಕ್ಸಿಗಳ ಬೆಳಕು ಅದರಲ್ಲಿ ಮುಚ್ಚಿಹೋಗುತ್ತದೆ. ಸರ್, ನಿಮ್ಮ ಆ ಹಟಕ್ಕೆ ನಾನು ಋಣಿ. ಚುಕ್ಕೆ ಮಂಕಾಯಿತು, ಆದರೆ ಉಳಿಯಿತು. ಈಗ ಅದನ್ನು ಧೈರ್ಯವಾಗಿ ನಂಬಬಹುದು. ಲ್ಯಾಬಿನ ಅಕ್ಕ ತಮ್ಮ ಕೆಲಸ ಬಿಟ್ಟು ನನ್ನ ಜೊತೆ ಕೂತು, ಒಂದೊಂದು ಗ್ಯಾಲಕ್ಸಿಯ ಸುರುಳಿ ತೋಳುಗಳನ್ನು ನೋಡಿ ಪಟ್ಟಿ ಸರಿಮಾಡಿದರು.

ನಕ್ಷತ್ರಗಳು ಹುಟ್ಟುವ ವೇಗ ಒಂದೇ ಆಗಿದ್ದರೂ, ಹಿಂದಿನ ಕಾಲದ ಗ್ಯಾಲಕ್ಸಿಗಳ ಜೋಡಿಗಳು ಜಾಸ್ತಿ ಎಕ್ಸ್-ರೇ ಕೊಡುತ್ತವೆ. ಬೇರೆಯವರು ಮೊದಲೇ ಕಂಡಿದ್ದ ಸಂಗತಿ ಇದು. ನನ್ನ ಪಟ್ಟಿಯಲ್ಲೂ ಅದೇ ಕಂಡಾಗ ಆದ ಖುಷಿ ಹೇಳತೀರದು.

ಫೆಲೋಶಿಪ್ ಹಣ ತಿಂಗಳುಗಟ್ಟಲೆ ಬಾರದಿದ್ದಾಗ ಅಣ್ಣ ನನ್ನ ರೂಮ್ ಬಾಡಿಗೆ ಕಟ್ಟಿದ. ಒಂದು ದಿನವೂ ಲೆಕ್ಕ ಕೇಳಲಿಲ್ಲ. ಅಮ್ಮ "ಯಾವಾಗ ಮುಗಿಯುತ್ತೆ?" ಅನ್ನುವುದನ್ನು ಬಿಟ್ಟು "ಊಟ ಆಯ್ತಾ?" ಅಂತ ಮಾತ್ರ ಕೇಳುತ್ತಿದ್ದಳು. ಇಬ್ಬರಿಗೂ ಥೀಸಿಸ್‌ನ ಒಂದೊಂದು ಪ್ರತಿ ಕಳಿಸಿದ್ದೇನೆ.

ಬಿಎಸ್ಸಿ, ಎಂಎಸ್ಸಿ ಓದುತ್ತಿರುವವರಿಗೆ ಚಂದ್ರಾ ಡೇಟಾ ಇಳಿಸಿಕೊಂಡು ನೋಡುವ ಆಸೆ ಇದ್ದರೆ ನನಗೆ ಬರೆಯಿರಿ. ಕನ್ನಡದಲ್ಲೇ ಹೇಳಿಕೊಡುತ್ತೇನೆ. ಈಗ ಸಂಜೆ ಹೊತ್ತು ಬಿಡುವಿದೆ.