ಆ ಹಳೇ ವಾಚಿಗೆ ಈಗಲೇ ಕೀ ಕೊಡಬೇಡ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ಲಂಡನ್ನಿನ ಸಂತೆಯಲ್ಲಿ ನೀನು ಕೊಂಡ ಬೆಳ್ಳಿಯ ಪಾಕೆಟ್ ವಾಚಿನ ಫೋಟೊ ನೋಡಿದೆ. ತುಂಬಾ ಖುಷಿಯಾಯಿತು. ಕೀ ಹಾಕಿ ತಿರುಗಿಸುವ, ಒಳಗೆ ಚೈನಿರುವ ಹಳೇ ಇಂಗ್ಲಿಷ್ ವಾಚು ಅದು. ಸುಮ್ನೆ ನೋಡೋಣ ಅಂತಲೂ ಕೀ ಕೊಡಬೇಡ ಮಗಳೇ. ಒಳಗಿನ ಎಣ್ಣೆ ಒಣಗಿ ಅಂಟಾಗಿರುತ್ತದೆ.

ನಾನು ಕೆಲಸ ಕಲಿಯುವಾಗ ಅಂಥದ್ದೊಂದು ರಿಪೇರಿಗೆ ಬಂದಿತ್ತು. ಸ್ಪ್ರಿಂಗಿನ ಬಿಗಿ ಇಳಿಸದೆ ಬಿಚ್ಚಿಬಿಟ್ಟೆ. ಚೈನು ಪಟ್ ಅಂತ ತುಂಡಾಯಿತು. ದಾರದಷ್ಟು ಸಣ್ಣ, ಆದರೆ ಸೈಕಲ್ ಚೈನಿನ ಹಾಗೇ ಕೊಂಡಿ ಕೊಂಡಿ. ವಾಚು ತಂದಿದ್ದ ಅಜ್ಜನ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಆ ಚೈನು ಯಾಕೆ ಗೊತ್ತಾ? ಸ್ಪ್ರಿಂಗು ಬಿಗಿಯಾಗಿದ್ದಾಗ ಜೋರಾಗಿ ಎಳೆಯುತ್ತದೆ, ಬಿಚ್ಚಿಕೊಳ್ಳುತ್ತಾ ಬಲ ಕಮ್ಮಿಯಾಗುತ್ತದೆ. ಅದಕ್ಕೇ ಬುಗುರಿ ಆಕಾರದ ಚಕ್ರಕ್ಕೆ ಚೈನು ಸುತ್ತಿರುತ್ತಾರೆ. ಬಲ ಜಾಸ್ತಿ ಇದ್ದಾಗ ಸಣ್ಣ ತುದಿಯಿಂದ ಎಳೆತ, ಕಮ್ಮಿಯಾದಾಗ ಅಗಲವಾದ ಬುಡದಿಂದ. ಹೀಗೆ ವಾಚು ಒಂದೇ ಸಮ ನಡೆಯುತ್ತದೆ. ಎಷ್ಟು ಚೆಂದದ ಯೋಚನೆ, ಅಲ್ವಾ?

ಮಾಡಿದವರು ಯಾರು ಅಂತ ಕೇಳಿದ್ದೀಯ. ವಾಚಿನ ಒಳಗಿನ ಲೋಹದ ತಟ್ಟೆಯ ಮೇಲೆ ಕೆತ್ತಿದ ಹೆಸರು ಬಹಳ ಸಲ ಅದನ್ನು ಮಾರಿದ ಅಂಗಡಿಯವರದ್ದು. ಒಳಗಿನ ಒರಟು ಭಾಗಗಳು ಲ್ಯಾಂಕಾಷೈರಿನ ಪ್ರೆಸ್ಕಾಟ್‌ನಲ್ಲಿ ತಯಾರಾಗಿ, ಲಂಡನ್ನಿನ ಕ್ಲರ್ಕನ್‌ವೆಲ್‌ನಲ್ಲಿ ನಯವಾಗುತ್ತಿದ್ದವು. ಚೈನುಗಳನ್ನು ಆಗ ಹ್ಯಾಂಪ್‌ಷೈರಿಗೆ ಸೇರಿದ್ದ ಕ್ರೈಸ್ಟ್‌ಚರ್ಚ್ ಊರಿನ ಹೆಂಗಸರು, ಸಣ್ಣ ಹುಡುಗಿಯರು ಕೂತು ಜೋಡಿಸುತ್ತಿದ್ದರು. ಒಂದೊಂದು ಕೊಂಡಿಗೂ ಒಂದು ಮೊಳೆ. ಕಣ್ಣು ಸೋತು ಹೋಗುವ ಕೆಲಸ. ಅವರ ಹೆಸರನ್ನು ಯಾರೂ ಯಾವ ವಾಚಿನ ಮೇಲೂ ಕೆತ್ತಲಿಲ್ಲ. ನನಗೆ ಅದು ಇವತ್ತಿಗೂ ನೋವು.

ದೊಡ್ಡ ಹೆಸರು ನೋಡಿ ದುಡ್ಡು ಸುರಿಯಬೇಡ. ಲಂಡನ್ನಿನ ಹೆಸರಾಂತ ವಾಚು ತಯಾರಕ ಥಾಮಸ್ ಟಾಂಪಿಯನ್ ಕಮ್ಮಾರನ ಮಗ. 1713ರಲ್ಲಿ ತೀರಿಕೊಂಡಾಗ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಮಣ್ಣು ಮಾಡಿದರು. ಅಂಥವರ ಹೆಸರನ್ನೇ ಕೆತ್ತಿ ನಕಲಿ ವಾಚು ಮಾರಿದವರಿದ್ದರು.

ಬೆಳ್ಳಿಯನ್ನು ಪುಡಿ ಹಾಕಿ ಉಜ್ಜಬೇಡ. ಕೇಸಿನ ಒಳಗೆ ಪುಟ್ಟ ಮುದ್ರೆಗಳಿರುತ್ತವೆ, ಸವೆದರೆ ಹೋಯಿತು. ನಡೆಯುವ ಸಿಂಹ ಇದ್ದರೆ ಬೆಳ್ಳಿ ಅಸಲಿ. ಚಿರತೆ ತಲೆ ಇದ್ದರೆ ಬೆಳ್ಳಿ ಪರೀಕ್ಷೆಯಾದದ್ದು ಲಂಡನ್ನಿನಲ್ಲಿ, ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್‌ನಲ್ಲಿ. ಪಕ್ಕದ ಒಂದು ಅಕ್ಷರ ವರ್ಷ ಹೇಳುತ್ತದೆ. ಹಗಲು ಬೆಳಕಲ್ಲಿ ಅವುಗಳ ಫೋಟೊ ತೆಗೆದು ಕಳಿಸು. ಭಾನುವಾರ ಫೋನಲ್ಲಿ ಇಬ್ಬರೂ ಕೂತು ವರ್ಷ ಹುಡುಕೋಣ.

ನಿನ್ನ ದೊಡ್ಡಪ್ಪ