ಶಾಸಕರೇ, ಲಾಠಿಯ ಲೆಕ್ಕವನ್ನು ಸದನದಲ್ಲಿ ಕೇಳಿ

ಮುಂಬೈನ ನಮ್ಮ ಕ್ಷೇತ್ರದ ಶಾಸಕರಿಗೆ ನಮಸ್ಕಾರ.

ಇದರ ಮರಾಠಿ ಪ್ರತಿ ನಿಮ್ಮ ಕಚೇರಿಗೆ ಕೊಟ್ಟಿದ್ದೇನೆ. ಇಲ್ಲಿರುವ ನಮ್ಮ ಜನರೂ ಓದಲಿ ಅಂತ ಕನ್ನಡದಲ್ಲೂ ಬರೆದೆ.

2020ರ ಲಾಕ್‌ಡೌನ್‌ನಲ್ಲಿ ಪೊಲೀಸರು ಲಾಠಿ ಬೀಸಿದ, ಬಸ್ಕಿ ಹೊಡೆಸಿದ ವಿಡಿಯೊಗಳು ಎಲ್ಲರ ಮೊಬೈಲಿಗೂ ಬಂದವು. 2024ರ ಆಗಸ್ಟಿನಲ್ಲಿ ಮುಂಬೈ ಹತ್ತಿರದ ಬದ್ಲಾಪುರ ರೈಲ್ವೆ ಸ್ಟೇಷನ್ನಿನಲ್ಲಿ ಪ್ರತಿಭಟನೆ ಮಾಡಿದವರ ಮೇಲಿನ ಲಾಠಿ ಚಾರ್ಜೂ ಹಾಗೆಯೇ. ನೋಡಿದೆವು, ಫಾರ್ವರ್ಡ್ ಮಾಡಿದೆವು, ಮರೆತೆವು. ಕಲ್ಲು ಬಿದ್ದರೂ ಪೊಲೀಸರು ಲಾಠಿ ಎತ್ತಬಾರದು ಅಂತ ನಾನು ಹೇಳುತ್ತಿಲ್ಲ. ಎತ್ತಿದರೆ ಬರೆದಿಡಲಿ, ಬರೆದದ್ದನ್ನು ಜನರಿಗೆ ತೋರಿಸಲಿ, ಅಷ್ಟೇ.

ಅಮೆರಿಕದಲ್ಲಿ ಪೊಲೀಸರ ಕೈಯಲ್ಲಿ ಸತ್ತ ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಸಾವಿನ ನಂತರದ ಪ್ರತಿಭಟನೆಗಳ ವಿಡಿಯೊಗಳನ್ನು ಮಾನವ ಹಕ್ಕು ಸಂಸ್ಥೆಯಾದ ಆಮ್ನೆಸ್ಟಿಯವರು ಒಂದೊಂದಾಗಿ ಪರಿಶೀಲಿಸಿದರು. 2020ರ ಮೇ 26ರಿಂದ ಜೂನ್ 5ರ ಒಳಗಿನ ಪೊಲೀಸ್ ಹಿಂಸೆಯ 125 ಘಟನೆಗಳನ್ನು ನಕ್ಷೆಯಲ್ಲಿ ಗುರುತಿಸಿದರು. ಅದಕ್ಕೂ ಮೊದಲು, 2015ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಪೊಲೀಸರ ಗುಂಡಿಗೆ ಸತ್ತವರ ಲೆಕ್ಕ ಇಡಲು ಶುರುಮಾಡಿದಾಗ, ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಲೆಕ್ಕಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಸಿಕ್ಕಿತ್ತು.

ನಮ್ಮ ಹುಡುಗರೂ ಇಂಥ ನಕ್ಷೆ ಮಾಡಬಲ್ಲರು, ಆದರೆ ಅದು ಸುಲಭ ಅಲ್ಲ. ಹಳೇ ವಿಡಿಯೊಗೆ ಹೊಸ ಊರಿನ ಹೆಸರು ಹಾಕಿ ಬಿಡುವವರಿದ್ದಾರೆ. ವಾಟ್ಸಾಪ್‌ನಲ್ಲಿ ಕೈ ಬದಲಾಗಿ ಬಂದ ಫೋಟೊದಲ್ಲಿ ಜಾಗ, ಹೊತ್ತಿನ ವಿವರ ಉಳಿಯೋದಿಲ್ಲ. ಅಂಗಡಿ ಬೋರ್ಡು, ಮುಂಬೈ ನಗರ ಸಾರಿಗೆಯ ಬೆಸ್ಟ್ ಬಸ್ಸಿನ ನಂಬರು ನೋಡಿ ಜಾಗ ಹುಡುಕಬೇಕು, ಒಂದೇ ಘಟನೆಯನ್ನು ನಾಲ್ಕು ಜನ ನಾಲ್ಕು ಕಡೆಯಿಂದ ತೆಗೆದಿದ್ದರೆ ಅದನ್ನು ಒಂದೇ ಅಂತ ಎಣಿಸಬೇಕು, ಏಟು ತಿಂದವರ ಮುಖ ಮಸುಕು ಮಾಡಬೇಕು. ಇಷ್ಟೆಲ್ಲ ಮಾಡಿದರೂ ಒಂದು ದೊಡ್ಡ ಕೊರತೆ ಉಳಿಯುತ್ತದೆ. ನಕ್ಷೆಯಲ್ಲಿ ಗುರುತು ಜಾಸ್ತಿ ಇರುವ ಕಡೆಯೇ ಏಟೂ ಜಾಸ್ತಿ ಬಿತ್ತು ಅಂತ ಹೇಳೋಕಾಗಲ್ಲ, ಅಲ್ಲಿ ವಿಡಿಯೊ ತೆಗೆಯುವವರು ಜಾಸ್ತಿ ಇದ್ದಿರಬಹುದು ಅಲ್ವಾ? ಕೂಲಿ ಕೆಲಸ ಹುಡುಕಿಕೊಂಡು ಕಲಬುರಗಿಯಿಂದ ಬಂದು ಫುಟ್‌ಪಾತ್‌ನಲ್ಲಿ ಮಲಗಿದವನನ್ನು ರಾತ್ರಿ ಎರಡಕ್ಕೆ ಒದ್ದು ಎಬ್ಬಿಸಿದರೆ ಯಾರು ತೆಗೀತಾರೆ? ಠಾಣೆಯ ಒಳಗಂತೂ ನಮ್ಮ ಕ್ಯಾಮೆರಾ ಹೋಗೋದೇ ಇಲ್ಲ.

ಅಲ್ಲಿ ಸರ್ಕಾರದ ಕ್ಯಾಮೆರಾ ಇರಬೇಕು. ಎಲ್ಲ ಠಾಣೆಗಳಲ್ಲೂ ದನಿಯೂ ದಾಖಲಾಗುವ ಸಿಸಿಟಿವಿ ಹಾಕಿ, ದೃಶ್ಯಗಳನ್ನು 18 ತಿಂಗಳು, ಆಗದಿದ್ದರೆ ಒಂದು ವರ್ಷವಾದರೂ ಇಡಿ ಅಂತ ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲೇ ಹೇಳಿದೆ.

ಹಾಗಾಗಿ ಬರುವ ಅಧಿವೇಶನದಲ್ಲಿ ಗೃಹ ಸಚಿವರಿಗೆ ಒಂದು ಪ್ರಶ್ನೆ ಹಾಕಿ. ಕಳೆದ ಐದು ವರ್ಷಗಳಲ್ಲಿ ಮುಂಬೈನಲ್ಲಿ ಪೊಲೀಸರು ಬಲ ಬಳಸಿದ್ದು ಎಲ್ಲೆಲ್ಲಿ, ಯಾವ ದಿನ, ಆದೇಶ ಕೊಟ್ಟ ಅಧಿಕಾರಿಯ ಹುದ್ದೆ ಏನು, ಎರಡೂ ಕಡೆ ಗಾಯಗೊಂಡವರು ಎಷ್ಟು? ನಮ್ಮ ಕ್ಷೇತ್ರದ ಠಾಣೆಗಳಲ್ಲಿ ಎಷ್ಟು ಕ್ಯಾಮೆರಾ ಕೆಲಸ ಮಾಡುತ್ತಿವೆ? ಏಟು ತಿಂದವರ ಹೆಸರು ಬೇಡ. ಉತ್ತರ ಬಂದ ಮೇಲೆ ನಮಗೂ ಒಂದು ಪ್ರತಿ ಕಳಿಸಿ, ವಿಡಿಯೊಗಳ ಪಕ್ಕ ಇಟ್ಟು ತಾಳೆ ನೋಡುತ್ತೇವೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಕನ್ನಡಿಗ ಮತದಾರ