ಟೋಪಿ ಬೇಡ, ಕಟ್ಟ ಕಟ್ಟಿಸಿ

ಮಾನ್ಯ ಸಂಪಾದಕರೇ,

ಜೂನ್ 5ರ ಪರಿಸರ ದಿನ ಬಂತೆಂದರೆ ನಮ್ಮೂರ ಶಾಲೆಗೆ ಒಂದು ಕಂಪನಿಯವರು ಬರುತ್ತಾರೆ. ಟೋಪಿ, ಬ್ಯಾನರ್, ಗಿಡ, ಫೋಟೋ. ಮಳೆಗಾಲ ಮುಗಿಯುವಾಗ ಆಡು ತಿಂದು ಬಿಟ್ಟ ಕೋಲು ಮಾತ್ರ ಉಳಿದಿರುತ್ತದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಹಂಚಿದ ಪುಸ್ತಕ ಈ ಸಲವೂ ಇಂಗ್ಲಿಷಿನಲ್ಲೇ ಇತ್ತು!

ನೆರವು ಬೇಡ ಎನ್ನುತ್ತಿಲ್ಲ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಯಾವುದಕ್ಕೆ ಖರ್ಚು ಮಾಡಬಹುದು ಎಂಬ ಪಟ್ಟಿಯಲ್ಲಿ ಪರಿಸರವೂ ಇದೆ. ಅಂದ ಮೇಲೆ ಇದು ಸುಮ್ನೆ ಕೊಡುವ ದಾನವಲ್ಲ, ಅಲ್ವಾ?

ಕಾಸರಗೋಡಿನ ಮಕ್ಕಳಿಗೆ ಪಾಠ ಹೊರಗಿನಿಂದ ತರಬೇಕಾಗಿಲ್ಲ. ಮುರಕಲ್ಲಿನ ಗುಡ್ಡ ಕೊರೆದು ಮಾಡಿದ ಸುರಂಗಗಳಿವೆ. ಪಂಪಿಲ್ಲದೆ, ಕರೆಂಟಿಲ್ಲದೆ ನೀರು ತಾನಾಗಿ ಹರಿದು ಬರುತ್ತದೆ. ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕ ಎಣ್ಮಕಜೆ ಊರಿನ ಹಿರಿಯರಿಗೆ ಇನ್ನೂ ನೆನಪಿದೆ. ಅವರನ್ನೇ ಶಾಲೆಗೆ ಕರೆಸಬಹುದು.

ಮಳೆ ನಿಂತ ಮೇಲೆ ನೀರು ನಿಲ್ಲಿಸಲು ತೋಡಿಗೆ ಅಡ್ಡಲಾಗಿ ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು, ಕಟ್ಟುವ ರೂಢಿ ನಮ್ಮಲ್ಲಿದೆ. ಮಕ್ಕಳು ಒಂದು ದಿನ ಕೆಸರಿಗೆ ಇಳಿಯಲಿ. ಕಂಪನಿಯವರು ಬಸ್ಸಿನ ಬಾಡಿಗೆ, ಮಧ್ಯಾಹ್ನದ ಗಂಜಿ ನೋಡಿಕೊಂಡರೆ ಸಾಕು. ಬ್ಯಾನರಿಗಿಂತ ಜಾಸ್ತಿ ಖರ್ಚಾಗಲಾರದು. ಫೋಟೋ ಬೇಕಿದ್ದರೆ ಅಲ್ಲೇ ತೆಗೆಯಲಿ.

– ಒಬ್ಬ ತಾಯಿ, ಬದಿಯಡ್ಕ